ಚಿಕ್ಕ ಎಲ್ಡರ್ ಉಪವಾಸ ಕೂತ ಮಳೆಗಾಲ

ವಸಂತಪುರದಲ್ಲಿ ನಾನೀಗ ಬಾಡಿಗೆಗಿರುವ ಕಟ್ಟಡದ ಕೆಳಮನೆಯ ಹುಡುಗಿಗೆ ಕಳೆದ ತಿಂಗಳು ಡೆಂಗಿ ಬಂದಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದೆ. ಅವರ ಅಡುಗೆಮನೆಯಿಂದ ಮಿಕ್ಸಿಯ ಸದ್ದು ಕೇಳಿತು, ಅದರ ಹಿಂದೆಯೇ ಪರಂಗಿ ಎಲೆ ಅರೆದ ವಾಸನೆ ಬಂತು. ಹಸಿಯಾದ, ಗಂಟಲಿಗೆ ಅಂಟುವಂಥ ಕಹಿ ವಾಸನೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಮಳೆಗಾಲ ಬಂತೆಂದರೆ ಡೆಂಗಿ ಸುದ್ದಿಗಳನ್ನು ತಿದ್ದುವುದು ದಿನನಿತ್ಯದ ಕೆಲಸ, ಅವುಗಳಿಂದ ನನಗೆ ಏನೂ ಆಗುವುದಿಲ್ಲ. ಆ ವಾಸನೆಗೆ ಮಾತ್ರ ಕಾಲು ನಿಂತುಬಿಟ್ಟಿತು. ಆರೇಳು ವರ್ಷಗಳ ಹಿಂದೆ ಇದೇ ಊರಿನ ಸಾರಕ್ಕಿಯಲ್ಲಿ ಕಳೆದ ಒಂದು ಮಳೆಗಾಲ, ಅದರೊಳಗಿನ ಒಂದು ವಾರ, ದಿನ ತಪ್ಪದಂತೆ ನೆನಪಾಯಿತು.

ಆಗ ನನಗೆ ಇಪ್ಪತ್ತು. ನಾನು ಮಿಷನರಿಯಾಗಿದ್ದೆ. ಬೀದರಿನ ನಮ್ಮ ಮನೆಯವರು ಸೇರಿದ್ದ ಕ್ರೈಸ್ತ ಸಭೆಯವರನ್ನು ಹೊರಗಿನ ಜನ ಮಾರ್ಮನ್ನರು ಎಂದು ಕರೆಯುತ್ತಾರೆ. ಆ ಸಭೆಯ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಮನೆ ಬಿಟ್ಟು, ಸಂಬಳವಿಲ್ಲದೆ, ಕಳಿಸಿದ ಊರಿನಲ್ಲಿ ಸೇವೆ ಮಾಡುತ್ತಾರೆ. ಹೆಸರಿನ ಮುಂದೆ ಎಲ್ಡರ್ ಎಂದು ಸೇರುತ್ತದೆ. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರುಪಟ್ಟಿ. ಆರೂವರೆಗೆ ಏಳಬೇಕು, ಹತ್ತೂವರೆಗೆ ದೀಪ ಆರಿಸಬೇಕು. ಕಾಫಿ ಇಲ್ಲ, ಟೀ ಇಲ್ಲ, ಟಿವಿ ಇಲ್ಲ. ಮನೆಗೆ ವಾರಕ್ಕೊಮ್ಮೆ, ಸೋಮವಾರ, ಫೋನ್. ಎಲ್ಲಕ್ಕಿಂತ ದೊಡ್ಡ ನಿಯಮ ಜೊತೆಗಾರನದು. ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸುತ್ತಾರೆ. ಸ್ನಾನದ ಹೊತ್ತು ಬಿಟ್ಟರೆ ಒಬ್ಬ ಇನ್ನೊಬ್ಬನ ಕಣ್ಣಳತೆಯಲ್ಲೇ ಇರಬೇಕು.

ಕೆಲಸದ ಬಗ್ಗೆ ಜನ ಊಹಿಸಿಕೊಂಡದ್ದೇ ಬೇರೆ. ಬೀದಿಯಲ್ಲಿ ನಿಂತು ಧರ್ಮ ಹೇಳುವಂತಿರಲಿಲ್ಲ, ಯಾರ ಮನೆಯ ಬಾಗಿಲನ್ನೂ ತಟ್ಟುವಂತಿರಲಿಲ್ಲ. ಸಭೆಯವರ ಮನೆಗಳಿಗೆ, ಕರೆದವರ ಮನೆಗಳಿಗೆ ಹೋಗುತ್ತಿದ್ದೆವು. ಬನಶಂಕರಿಯಲ್ಲಿ ಒಬ್ಬ ಮುದುಕರಿಗೆ ಪತ್ರಿಕೆ ಓದಿ ಹೇಳುತ್ತಿದ್ದೆವು. ಮಂಗಳವಾರ ಸಂಜೆ ಬಿಟಿಎಂನ ಒಂದು ಪೀಜಿಯ ಊಟದ ಹಾಲ್‌ನಲ್ಲಿ ಪುಕ್ಕಟೆ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದೆವು. ಅಲ್ಲಿಗೆ ಬರುತ್ತಿದ್ದವರು ಕಲಬುರಗಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು. ಮೊದಲ ದಿನ ಅವರಲ್ಲೊಬ್ಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಟೈ ಕಟ್ಕೊಂಡು ಬಂದೀರಲ್ಲ, ಲೋನ್ ಕೊಡಾವ್ರೋ, ವಸೂಲಿ ಮಾಡಾವ್ರೋ?" ಎಂದು ಕೇಳಿದ್ದ. ಇಂಗ್ಲಿಷ್ ಎಂದ ಮೇಲೂ ಎರಡು ವಾರ ಅವನಿಗೆ ಅನುಮಾನ ಹೋಗಿರಲಿಲ್ಲ.

ನಮ್ಮ ಮನೆ ಸಾರಕ್ಕಿಯ ಹಳೆಯ ಊರಿನೊಳಗೆ, ಮೂರನೇ ಮಹಡಿಯಲ್ಲಿತ್ತು. ಮನೆಯೊಡತಿ ಮುನಿರತ್ನಮ್ಮ. ಕೆರೆಯ ಪಕ್ಕದ ಹೊಲದಲ್ಲಿ ಅವರ ಮನೆಯವರು ಸೊಪ್ಪು ಬೆಳೆಯುತ್ತಿದ್ದರಂತೆ. ಈಗ ಆ ಜಾಗದಲ್ಲಿ ಕಟ್ಟಡವಿತ್ತು, ನಾವು ಅದರ ತುದಿಯಲ್ಲಿದ್ದೆವು. ನೆಲಮಹಡಿಯಲ್ಲಿ ಅವರ ಮಗ ನಾಗರಾಜಣ್ಣ ನೀರಿನ ಕ್ಯಾನ್ ಸರಬರಾಜು ಮಾಡುತ್ತಿದ್ದ. ಎಲ್ಡರ್ ಎಂದರೆ ಹಿರಿಯ ಎಂದು ಯಾರೋ ಹೇಳಿದ ದಿನ ಮುನಿರತ್ನಮ್ಮ ಬಹಳ ನಕ್ಕಿದ್ದರು. ನೆಟ್ಟಗೆ ಮೀಸೆ ಬರದವರು ಯಾವ ಊರಿನ ಹಿರಿಯರು ಎಂಬುದು ಅವರ ಪ್ರಶ್ನೆ. ಅಂದಿನಿಂದ ನಾನು ದೊಡ್ಡ ಎಲ್ಡರ್, ನನ್ನ ಜೊತೆಗಾರ ಚಿಕ್ಕ ಎಲ್ಡರ್.

ಚಿಕ್ಕ ಎಲ್ಡರ್ ದಾನಿಯೇಲು ಬಂದದ್ದು ಜುಲೈ ಮಳೆಯಲ್ಲಿ. ಕಾಕಿನಾಡದ ಹತ್ತಿರದ ಊರಿನವನು, ಹತ್ತೊಂಬತ್ತು ವರ್ಷ, ಬಡಕಲು ಮೈ, ದೊಡ್ಡ ಸೂಟ್‌ಕೇಸ್. ಹೊಸಬರಿಗೆ ಕೆಲಸ ಕಲಿಸುವ ಹೊಣೆ ಹಳಬರದು, ಹಾಗೆ ಅವನು ನನ್ನ ಪಾಲಿಗೆ ಬಂದ. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಉಳಿದರ್ಧ ನನ್ನ ಬೀದರಿನ ತೆಲುಗು. ಮುನಿರತ್ನಮ್ಮನ ಮನೆಮಾತೂ ತೆಲುಗೇ ಆದ್ದರಿಂದ ಅವನಿಗೆ ಸಾರಕ್ಕಿ ಪೂರ್ತಿ ಪರಊರು ಅನ್ನಿಸಲಿಲ್ಲ.

ಅವನು ಕೆಲಸಗಾರ. ನನಗಿಂತ ಮೊದಲು ಏಳುತ್ತಿದ್ದ, ಪಾತ್ರೆ ತೊಳೆಯುವ ಸರದಿಯನ್ನು ಕೇಳದೆಯೇ ತಾನು ತೆಗೆದುಕೊಳ್ಳುತ್ತಿದ್ದ. ಯಾವುದಕ್ಕೂ ದೂರು ಹೇಳುತ್ತಿರಲಿಲ್ಲ. ಬೂಟು ಕಚ್ಚಿ ಹಿಮ್ಮಡಿಯ ಚರ್ಮ ಸುಲಿದದ್ದು ನನಗೆ ಗೊತ್ತಾದದ್ದು ಕಾಲುಚೀಲದಲ್ಲಿ ರಕ್ತ ಕಂಡ ಮೇಲೆ. ಮೊದಲ ವಾರದಲ್ಲೇ ಅವನು ಒಂದು ಸಂಗತಿ ಹೇಳಿದ್ದ. ಅವರ ಊರಿನ ಸಭೆಯಿಂದ ಅವನಿಗಿಂತ ಮೊದಲು ಮಿಷನ್‌ಗೆ ಹೋದವನು ಒಬ್ಬನೇ. ಅವನು ಕಾಯಿಲೆಯಾಗಿ ಏಳನೇ ತಿಂಗಳಿಗೆ ವಾಪಸ್ಸು ಬಂದಿದ್ದ. ಕಾಯಿಲೆ ಎಂದು ಯಾರೂ ನಂಬಲಿಲ್ಲ, ಏನೋ ತಪ್ಪು ಮಾಡಿರಬೇಕು ಎಂದುಕೊಂಡರು. ಅವನ ತಾಯಿ ಸಭೆಯಲ್ಲಿ ಮುಂದಿನ ಸಾಲು ಬಿಟ್ಟು ಬಾಗಿಲ ಬಳಿ ಕೂರತೊಡಗಿದರಂತೆ. "ನಮ್ಮಮ್ಮ ಹಾಗೆ ಕೂರಬಾರದು" ಎಂದಿದ್ದ ದಾನಿಯೇಲು. ನಾನು ಅದನ್ನು ಛಲ ಎಂದು ತಿಳಿದು ಮೆಚ್ಚಿಕೊಂಡೆ.

ಆ ಮಳೆಗಾಲದಲ್ಲಿ ಬಿಳಿ ಅಂಗಿ ಒಣಗಿಸುವುದೇ ದೊಡ್ಡ ಕೆಲಸವಾಗಿತ್ತು. ಸೋಮವಾರ ಬಟ್ಟೆ ಒಗೆಯುವ ದಿನ. ಇಬ್ಬರದೂ ಸೇರಿ ಹನ್ನೆರಡು ಅಂಗಿ ತಾರಸಿಯ ತಂತಿಯ ಮೇಲೆ, ಮೋಡ ಬಂದಾಗ ಓಡಿಹೋಗಿ ಒಳಗೆ, ಬಿಸಿಲು ಬಂದಾಗ ಮತ್ತೆ ಹೊರಗೆ. ಸಾರಕ್ಕಿ ಜಂಕ್ಷನ್ನಿನ ಕೆಸರು ಪ್ಯಾಂಟಿನ ಮೊಣಕಾಲಿನವರೆಗೂ ಹಾರುತ್ತಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ನೀರು ನಿಂತು ಸಂಜೆಯಾದರೆ ಸೊಳ್ಳೆ ಮುತ್ತುತ್ತಿತ್ತು.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸ. ಶನಿವಾರ ಹಗಲು ಉಂಡರೆ ಮತ್ತೆ ಊಟ ಭಾನುವಾರ ಸಂಜೆಗೆ, ನಡುವೆ ನೀರನ್ನೂ ಕುಡಿಯುವುದಿಲ್ಲ. ಯಾವುದೋ ಒಂದು ಬೇಡಿಕೆ ಮನಸ್ಸಿನಲ್ಲಿಟ್ಟುಕೊಂಡು ಮಾಡುವ ಉಪವಾಸ ಅದು. ಬೇಡಿಕೆ ಏನೆಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಇಲ್ಲ. ಕೆಲವರು ತಮ್ಮಷ್ಟಕ್ಕೆ ತಾವೇ ಅದನ್ನು ಮುಂದುವರಿಸುವುದೂ ಉಂಟು. ಆಗಲೂ ಕೇಳುವುದಿಲ್ಲ. ಕೇಳದಿರುವುದೇ ಮರ್ಯಾದೆ.

ಸೆಪ್ಟೆಂಬರಿನ ಮೊದಲ ಭಾನುವಾರ ಸಂಜೆ ನಾನು ಅನ್ನ, ಬೇಳೆಸಾರು ಮಾಡಿ ತಟ್ಟೆ ಹಾಕಿದೆ. ದಾನಿಯೇಲು ಅರ್ಧ ಲೋಟ ನೀರು ಕುಡಿದು, ತಾನು ಇನ್ನೂ ಮುಂದುವರಿಸುವುದಾಗಿ ಹೇಳಿದ. ನಾನು ಅವನ ತಟ್ಟೆಯನ್ನು ತೆಗೆದಿಟ್ಟು ಒಬ್ಬನೇ ಉಂಡೆ. ಸೋಮವಾರವೂ ಅವನು ತಿನ್ನಲಿಲ್ಲ. ಬಟ್ಟೆ ಒಗೆಯುವಾಗ ಸ್ವೆಟರ್ ಹಾಕಿಕೊಂಡಿದ್ದ, ಎರಡು ಸಲ ಗೋಡೆ ಹಿಡಿದು ನಿಂತ. ಮನೆಗೆ ಫೋನ್ ಮಾಡಿದಾಗ ಐದು ನಿಮಿಷದಲ್ಲಿ ಮಾತು ಮುಗಿಸಿದ, ಉಳಿದ ವಾರಗಳಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಇರುತ್ತಿರಲಿಲ್ಲ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಸೋಮವಾರ ಸಂಜೆ, ನಮ್ಮನ್ನೆಲ್ಲ ನೋಡಿಕೊಳ್ಳುವ ಮಿಷನ್ ಅಧ್ಯಕ್ಷರಿಗೆ ವಾರದ ವರದಿ ಕಳಿಸಬೇಕಿತ್ತು. ಜೊತೆಗಾರನ ಆರೋಗ್ಯ ಹೇಗಿದೆ ಎಂಬ ಪ್ರಶ್ನೆಗೆ ಚೆನ್ನಾಗಿದೆ ಎಂದು ಬರೆದೆ. ಅದರ ಕೆಳಗೆ, ಎಲ್ಡರ್ ದಾನಿಯೇಲು ತಾನಾಗಿಯೇ ಉಪವಾಸ ಮುಂದುವರಿಸಿದ್ದಾನೆ, ಅವನ ನಂಬಿಕೆಯಿಂದ ನಾನು ಕಲಿಯುತ್ತಿದ್ದೇನೆ ಎಂದೂ ಸೇರಿಸಿದೆ. ನಾನು ಬರೆದ ವರದಿಗಳಲ್ಲಿ ಒಂದನ್ನು ಹಿಂದಕ್ಕೆ ಪಡೆಯಬಹುದಾದರೆ ಅದನ್ನೇ ಪಡೆಯುತ್ತೇನೆ.

ಮಂಗಳವಾರ ಬಿಟಿಎಂಗೆ ಹೋದೆವು. ಕ್ಲಾಸಿನಲ್ಲಿ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಲೋನ್ ಎಂದು ಕೇಳಿದ್ದ ರಾಯಚೂರಿನ ಹುಡುಗ ನನ್ನ ಹತ್ತಿರ ಬಂದು, "ಸರ, ಆ ಸಣ್ಣ ಸರಗ ಆರಾಮಿಲ್ಲೇನ್ರಿ?" ಎಂದ. ಉಪವಾಸ ಎಂದೆ. ಅವನು ಏನೋ ಹೇಳಹೊರಟವನು ಸುಮ್ಮನಾದ. ದೇವರ ವಿಷಯ ಎಂದರೆ ನಮ್ಮಲ್ಲಿ ಜನ ಸುಮ್ಮನಾಗಿಬಿಡುತ್ತಾರೆ.

ವಾಪಸ್ಸು ಮನೆ ಮುಟ್ಟಿದಾಗ ಕತ್ತಲಾಗಿತ್ತು. ಮುನಿರತ್ನಮ್ಮ ಕೆಳಗಿನ ಜಗಲಿಯ ದೀಪದಡಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ದಾನಿಯೇಲು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ಅಲ್ಲೇ ನಿಂತ.

"ಏಮಿರಾ, ಅನ್ನಂ ತಿನ್ನಾವಾ?" ಎಂದು ಅವರು ತೆಲುಗಿನಲ್ಲಿ ಊಟ ವಿಚಾರಿಸಿದರು.

ಉತ್ತರ ಕೊಟ್ಟವನು ನಾನು. "ಅವನು ಉಪವಾಸ, ಆಂಟಿ. ಮೂರು ದಿನ ಆಯ್ತು." ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಮುನಿರತ್ನಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಬೆರಳುಗಳ ಹಿಂಬದಿಯನ್ನು ಅವನ ಕತ್ತಿಗೆ ಒತ್ತಿದರು. ಆಮೇಲೆ ಹಣೆಗೆ. ಅವನು ಹಿಂದೆ ಸರಿಯಲು ನೋಡಿದ, ಅವರು ಬಿಡಲಿಲ್ಲ.

"ನಾನೂ ಸಂಕಷ್ಟಿ ಮಾಡ್ತೀನಿ ಕಣಪ್ಪ, ಮದ್ವೆಯಾದಾಗಿಂದ" ಎಂದರು, ನನ್ನ ಕಡೆ ತಿರುಗಿ. "ಉಪವಾಸ ಇದ್ದೋರ ಮೈ ತಣ್ಣಗಿರ್ತೈತೆ. ಇದು ಉಪವಾಸ ಅಲ್ಲ, ಜ್ವರ. ಒಂದೇ ರೂಮಲ್ಲಿ ಮಲಗ್ತೀಯ, ಒಂದ್ಸಲ ಮುಟ್ಟಿ ನೋಡಕ್ಕಾಗಲಿಲ್ವಾ?"

ಎರಡು ತಿಂಗಳಿಂದ ಹಗಲೂ ಇರುಳೂ ಅವನನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದೆ. ನಿಯಮ ಕೇಳಿದ್ದು ಅಷ್ಟನ್ನೇ, ನಾನು ಮಾಡಿದ್ದೂ ಅಷ್ಟನ್ನೇ.

ದಾನಿಯೇಲು ಮೆಟ್ಟಿಲ ಮೇಲೆ ಕೂತುಬಿಟ್ಟ. ಜ್ವರ ಶನಿವಾರ ಮಧ್ಯಾಹ್ನವೇ ಶುರುವಾಗಿತ್ತು. ಊಟ ಸೇರುತ್ತಿರಲಿಲ್ಲ. ಮರುದಿನ ಹೇಗೂ ಉಪವಾಸ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ. ಭಾನುವಾರ ಸಂಜೆಯೂ ಸೇರಲಿಲ್ಲ. ಮುಂದುವರಿಸುತ್ತೇನೆ ಎಂದುಬಿಟ್ಟರೆ ನಾನು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇದನ್ನೆಲ್ಲ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳ ಕಡೆ ನೋಡುತ್ತಾ ತುಂಡುತುಂಡಾಗಿ ಹೇಳಿದ. ನಾನು ಫೋನ್ ಹೊರಗೆ ತೆಗೆದದ್ದನ್ನು ನೋಡಿ ನನ್ನ ಮಣಿಕಟ್ಟು ಹಿಡಿದುಕೊಂಡ. ಆ ಕೈ ಕಾವಲಿಯ ಹಾಗೆ ಸುಡುತ್ತಿತ್ತು.

"ಫೋನ್ ಮಾಡಬೇಡಿ, ಎಲ್ಡರ್. ಮನೆಗೆ ಕಳಿಸಿಬಿಡ್ತಾರೆ. ಎರಡು ದಿನ ಕೊಡಿ, ಸರಿಹೋಗ್ತೀನಿ."

ಎಷ್ಟು ಹೊತ್ತು ಯೋಚಿಸಿದೆ ಎಂದು ಹೇಳಲಾರೆ. ಯೋಚಿಸಿದ್ದಂತೂ ನಿಜ. ನಾನು ಫೋನ್ ಮಾಡಿದರೆ ಅವನ ತಾಯಿ ಬಾಗಿಲ ಬಳಿ ಕೂರಬೇಕಾಗುತ್ತದೆ ಎಂಬ ಲೆಕ್ಕ ಒಂದು ಕ್ಷಣ ನಿಜವಾಗಿಯೇ ತಲೆಯಲ್ಲಿ ಬಂತು. ಅಷ್ಟರಲ್ಲಿ ಮುನಿರತ್ನಮ್ಮ ಮಗನನ್ನು ಕೂಗಿ ಗಾಡಿ ತೆಗೆಯಲು ಹೇಳಿದ್ದರು. ನಾನು ಅಧ್ಯಕ್ಷರ ನಂಬರು ಒತ್ತಿದೆ.

ನೀರಿನ ಕ್ಯಾನ್ ಹೊರುವ ಆ ಗೂಡ್ಸ್ ಆಟೋದ ಹಿಂದೆ ನಾವಿಬ್ಬರೂ ಕೂತೆವು. ನಾಗರಾಜಣ್ಣ ಜಯನಗರದ ಒಂದು ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಿದ. ದಾನಿಯೇಲು ಇಳಿಯಲು ಹೋಗಿ ಕುಸಿದ. ನಾಗರಾಜಣ್ಣ ಅವನನ್ನು ಖಾಲಿ ಕ್ಯಾನಿನಂತೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು, ಪ್ಲೇಟ್‌ಲೆಟ್ ಬಹಳ ಇಳಿದಿತ್ತು. ಮೂರು ದಿನ ಸರಿಯಾಗಿ ನೀರು, ಆಹಾರ ಇಲ್ಲದ್ದರಿಂದ ಮೈ ಬತ್ತಿಹೋಗಿತ್ತು. ಡಾಕ್ಟರು ನನ್ನನ್ನು ಬಾಗಿಲ ಬಳಿಗೆ ಕರೆದರು. ಒಳಗೆ ರಕ್ತಸ್ರಾವ ಶುರುವಾದರೆ ಕಷ್ಟ, ಮುಂದಿನ ಮೂರು ದಿನ ಮುಖ್ಯ ಎಂದರು. ಇಷ್ಟು ದಿನ ಯಾಕೆ ಕರೆತರಲಿಲ್ಲ ಎಂದು ಕೇಳಿದರು. ಉಪವಾಸ ಎಂದು ತಿಳಿದಿದ್ದೆ ಎಂದೆ. ಅವರು ನನ್ನ ಹೆಸರುಪಟ್ಟಿಯನ್ನು ಓದಿ, ಮತ್ತೇನೂ ಕೇಳದೆ ಒಳಗೆ ಹೋದರು.

ಮಂಚದ ಪಕ್ಕದಲ್ಲಿ ಒಂದು ಸ್ಟೀಲ್ ಸ್ಟೂಲಿತ್ತು. ಬುಧವಾರ, ಗುರುವಾರ, ಶುಕ್ರವಾರ ನಾನು ಅದರ ಮೇಲೆ ಕೂತೆ. ಒಂದು ಹಳೆಯ ನೋಟುಬುಕ್ಕಿನಲ್ಲಿ ಅವನು ಕುಡಿದ ನೀರು, ಹೋದ ಮೂತ್ರ, ಜ್ವರ, ಹೊತ್ತು ಬರೆದುಕೊಳ್ಳುತ್ತಾ ಹೋದೆ. ಯಾರೂ ಬರೆ ಎಂದಿರಲಿಲ್ಲ. ನೋಡಿದ್ದನ್ನು ನೋಡಿದ ಹೊತ್ತಿಗೇ ಬರೆಯುವುದು ಅಲ್ಲಿ ಶುರುವಾಯಿತು. ಗುರುವಾರ ಅವನ ತೋಳಿನ ಮೇಲೆ ಕೆಂಪು ಚುಕ್ಕಿಗಳೆದ್ದವು. ಪ್ಲೇಟ್‌ಲೆಟ್ ಮತ್ತೂ ಇಳಿಯಿತು. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜಿದಾಗ ವಸಡಿನಲ್ಲಿ ರಕ್ತ ಕಂಡಿತು, ಡಾಕ್ಟರು ಗಂಟೆಗೊಮ್ಮೆ ಬರತೊಡಗಿದರು.

ಮುನಿರತ್ನಮ್ಮ ದಿನಕ್ಕೆರಡು ಸಲ ಬರುತ್ತಿದ್ದರು. ಪರಂಗಿ ಎಲೆ ಅರೆದು ಹಿಂಡಿದ ರಸ ಒಂದು ಸ್ಟೀಲ್ ಲೋಟದಲ್ಲಿ, ರಾಗಿಗಂಜಿ ಇನ್ನೊಂದರಲ್ಲಿ. ಎಲೆರಸದಿಂದ ಪ್ಲೇಟ್‌ಲೆಟ್ ಏರುತ್ತದೆ ಎನ್ನಲು ಸರಿಯಾದ ಆಧಾರವಿಲ್ಲ, ಎರಡು ಚಮಚ ಕೊಟ್ಟರೆ ಕೆಡುಕಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಇವತ್ತಿಗೂ ಅದನ್ನು ಅಷ್ಟಕ್ಕೇ ಬಿಡುತ್ತೇನೆ. ಆದರೆ ಅವನು ಮುಖ ಸಿಂಡರಿಸಿಕೊಂಡು ಅದನ್ನು ನುಂಗುವಾಗ ಅವರು ತೆಲುಗಿನಲ್ಲಿ ಬೈಯುತ್ತಿದ್ದರು. ಕಾಫಿ ಬಿಟ್ಟ ಗಂಡಿಗೆ ಇದೇನು ಮಹಾ ಎಂದು ಗದರುತ್ತಿದ್ದರು. ಅದಕ್ಕೆ ಅವನು ಸಣ್ಣಗೆ ನಗುತ್ತಿದ್ದ.

ಅವನ ತಂದೆ ಊರಿನಿಂದ ಹೊರಟು ರೈಲಿನಲ್ಲಿದ್ದರು. ತಾಯಿಯ ಜೊತೆ ನಾನೇ ಫೋನಿನಲ್ಲಿ ಮಾತಾಡಬೇಕಾಯಿತು. ನನ್ನ ಹರಕು ತೆಲುಗಿನಲ್ಲಿ ನಡೆದದ್ದನ್ನು ಏನೂ ಬಿಡದೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಏಳನೇ ಕ್ಲಾಸಿನ ಪರೀಕ್ಷೆಯನ್ನೂ ಅವನು ಅಮ್ಮನಿಗೆ ತಿಳಿಸದೆ ಜ್ವರದಲ್ಲೇ ಬರೆದಿದ್ದನಂತೆ. "ಅವನು ಹೇಳುವುದಿಲ್ಲ ನಾಯ್ನಾ, ನಾವೇ ನೋಡಿಕೊಳ್ಳಬೇಕು" ಎಂದರು.

ಶನಿವಾರ ಬೆಳಿಗ್ಗೆ ಲ್ಯಾಬಿನ ಹುಡುಗಿ ಚೀಟಿ ತಂದಳು. ಪ್ಲೇಟ್‌ಲೆಟ್ ಏರಿತ್ತು. ತಪ್ಪಿರಬಹುದೆಂದು ಮಧ್ಯಾಹ್ನ ಇನ್ನೊಮ್ಮೆ ನೋಡಿದರು, ಮತ್ತಷ್ಟು ಏರಿತ್ತು. ಡಾಕ್ಟರು ಇನ್ನು ಯೋಚನೆಯಿಲ್ಲ ಎಂದರು. ನಾನು ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದುಹೋಗಿ ನಿಂತೆ. ಐದು ದಿನದಲ್ಲಿ ನಾನು ಅವನ ಕಣ್ಣಳತೆ ದಾಟಿದ್ದು ಅದೇ ಮೊದಲು. ಹೊರಗೆ ಮಳೆ ನಿಂತಿತ್ತು. ರಸ್ತೆಯಾಚೆಯ ಗಾಡಿಯಲ್ಲಿ ಒಬ್ಬ ಜೋಳ ಸುಡುತ್ತಿದ್ದ. ಕೆಳಗಿಳಿದು ಎರಡು ಜೋಳ ತಂದು, ಒಂದನ್ನು ಅವನ ಅಪ್ಪನಿಗೆ ಕೊಟ್ಟು, ಇನ್ನೊಂದನ್ನು ನಾನು ತಿಂದೆ. ಹಿಂದಿನ ರಾತ್ರಿ ಬಂದಿಳಿದಿದ್ದ ಆ ಮನುಷ್ಯ ಮಗನಷ್ಟೇ ಮಾತು ಕಡಿಮೆ. ಜೋಳ ಮುಗಿದ ಮೇಲೆ ನನ್ನ ಬೆನ್ನು ಒಮ್ಮೆ ತಟ್ಟಿದರು.

ಸಂಜೆ ಮಿಷನ್ ಅಧ್ಯಕ್ಷರು ಬಂದರು. ದಿನವೂ ಬರುತ್ತಿದ್ದರು, ಆದರೆ ಅಂದು ದಾನಿಯೇಲು ಎದ್ದು ಕೂತಿದ್ದ. ಅವರು ಬಾಯಿ ತೆರೆಯುವ ಮೊದಲೇ, ದಯವಿಟ್ಟು ಮನೆಗೆ ಕಳಿಸಬೇಡಿ, ನಾನು ಸುಳ್ಳು ಹೇಳಿದ್ದು ತಪ್ಪು, ಸೋಮವಾರದಿಂದಲೇ ಕೆಲಸಕ್ಕೆ ಇಳಿಯುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಅಧ್ಯಕ್ಷರು ನನ್ನ ಸ್ಟೂಲಿನ ಮೇಲೆ ಕೂತರು.

"ಕಳಿಸುವ ಮಾತು ಯಾರೂ ಆಡಿಲ್ಲ" ಎಂದರು. "ನಿನಗೆ ಎಲ್ಲಿದ್ದರೆ ಮೈ ಚೇತರಿಸುತ್ತೆ ಹೇಳು. ಇಲ್ಲೇ ಅಂದರೆ ಇಲ್ಲೇ. ಊರಲ್ಲಿ ಅಂದರೆ ಹೋಗಿ ಬಾ. ನಿನ್ನ ಜಾಗ ಖಾಲಿ ಇರುತ್ತೆ."

ದಾನಿಯೇಲು ಅಪ್ಪನ ಮುಖ ನೋಡಿದ. ಇಲ್ಲೇ ಎನ್ನುತ್ತಾನೆಂದು ನಾನು ಖಚಿತವಾಗಿ ನಂಬಿದ್ದೆ.

"ಹದಿನೈದು ದಿನ ಅಮ್ಮನ ಹತ್ತಿರ ಇದ್ದು ಬರಲಾ?" ಎಂದ. ಆಮೇಲೆ ಅತ್ತ. ಆ ವಾರದಲ್ಲಿ ಅವನು ಅತ್ತದ್ದು ಆಗ ಮಾತ್ರ.

ಅವನು ಹೋದ. ಊರಿನಲ್ಲಿ ಜನ ಏನೆನ್ನುತ್ತಾರೆ ಎಂಬುದಕ್ಕೆ ಅವನ ಅಪ್ಪ ಒಂದು ಉಪಾಯ ಮಾಡಿದ್ದರು. ಭಾನುವಾರ ಸಭೆಯಲ್ಲಿ ಎದ್ದು ನಿಂತು ಆಸ್ಪತ್ರೆಯ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರಂತೆ. ಏಳು ತಿಂಗಳಿಗೆ ವಾಪಸ್ಸಾಗಿದ್ದ ಹುಡುಗನ ತಾಯಿ ಆಮೇಲೆ ದಾನಿಯೇಲುವಿನ ಅಮ್ಮನ ಪಕ್ಕದಲ್ಲಿ ಬಂದು ಕೂತರಂತೆ. ಇದನ್ನು ನಾನು ನೋಡಿಲ್ಲ, ದಾನಿಯೇಲು ಹೇಳಿದ್ದು.

ಹದಿನಾರನೆಯ ದಿನ ಅವನು ತಮ್ಮ ಕಡೆಯ ಸಿಹಿತಿಂಡಿ, ಒಂದು ಡಬ್ಬ ಕಾಜಾ ಹಿಡಿದುಕೊಂಡು ವಾಪಸ್ಸು ಬಂದ. ಅಲ್ಲಿಯವರೆಗೆ ನನ್ನನ್ನು ಇನ್ನೊಂದು ಜೋಡಿಯ ಜೊತೆ ಮೂರನೆಯವನಾಗಿ ಇರಿಸಿದ್ದರು. ದಾನಿಯೇಲುವೂ ನಾನೂ ಸಾರಕ್ಕಿಯ ಕೋಣೆಯ ಬೀಗ ತೆಗೆದು, ಬೂಷ್ಟು ಹಿಡಿದಿದ್ದ ಟೈಗಳನ್ನು ಒರೆಸಿದೆವು. ಮಾರನೆಯ ದಿನ ಬನಶಂಕರಿಯ ಮುದುಕರ ಮನೆ, ಜೆ.ಪಿ. ನಗರದ ಎರಡು ಮನೆ ಸುತ್ತಿ ಬಂದೆವು. ಬಹಳ ದಿನದ ಮೇಲೆ ಬಿಸಿಲಿತ್ತು. ಸಂಜೆ ಮೆಟ್ಟಿಲು ಹತ್ತುತ್ತಾ ದಾನಿಯೇಲು ನಿಂತು, ನನ್ನ ಕಡೆ ನೋಡದೆ, "ಎಲ್ಡರ್, ತಲೆ ಸ್ವಲ್ಪ ನೋಯ್ತಿದೆ" ಎಂದ.

ಥರ್ಮಾಮೀಟರ್ ಇಟ್ಟು ನೋಡಿದೆ. ಜ್ವರವಿರಲಿಲ್ಲ. ಮೊಸರನ್ನ ಕಲಸಿಕೊಟ್ಟೆ, ಪೂರ್ತಿ ಉಂಡ. ಸಂಜೆಯ ಒಂದು ಭೇಟಿಯನ್ನು ಫೋನ್ ಮಾಡಿ ರದ್ದು ಮಾಡಿದೆ. ಏಳು ಗಂಟೆಗೆಲ್ಲ ಅವನು ಮಲಗಿದ, ನಾನು ದೀಪ ಆರಿಸಿ ಬಾಗಿಲ ಹೊರಗೆ, ಅವನು ಕಾಣುವ ಹಾಗೆ, ಪುಸ್ತಕ ಹಿಡಿದು ಕೂತೆ.

ಮುನಿರತ್ನಮ್ಮ ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿಯುತ್ತಿದ್ದರು. ಇಷ್ಟು ಬೇಗ ಯಾಕೆ ಕತ್ತಲು ಮಾಡಿಕೊಂಡಿದ್ದೀರಿ ಎಂದು ಕೇಳಿದರು. ಚಿಕ್ಕ ಎಲ್ಡರ್‌ಗೆ ತಲೆನೋವಂತೆ ಎಂದೆ.

"ಅವನೇ ಹೇಳಿದ್ನಾ?"

"ಅವನೇ ಹೇಳ್ದ, ಆಂಟಿ."

"ಹಂಗಾದ್ರೆ ಏನೂ ಆಗಲ್ಲ ಬಿಡು" ಎಂದು ಅವರು ಇಳಿದುಹೋದರು.